ಅಕ್ಷರದ ತೂಕ

ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳೇ ಹೆಚ್ಚು. ಅಲ್ಲಿಯ ಬಾಲಕನೊಬ್ಬನು ತನ್ನ ಊರಿನ ಹೆಸರನ್ನು ಉರ್ದುವಿನಲ್ಲಿ ಬಲದಿಂದ ಎಡಕ್ಕೂ ಕನ್ನಡದಲ್ಲಿ ಎಡದಿಂದ ಬಲಕ್ಕೂ ಬರೆಯಬೇಕು. ಭೇದವು ದಿಕ್ಕಿನದಷ್ಟೇ ಅಲ್ಲ. ಉರ್ದುವಿನಲ್ಲಿ ಹ್ರಸ್ವ ಸ್ವರಗಳಿಗೆ ಚಿಹ್ನೆಗಳುಂಟಾದರೂ ವಾಡಿಕೆಯ ಬರವಣಿಗೆಯಲ್ಲಿ ಅವನ್ನು ಬಿಟ್ಟುಬಿಡುವರು. ಓದುಗನು ಪದದ ಪರಿಚಯದಿಂದ ಅವನ್ನು ತುಂಬಿಕೊಳ್ಳುತ್ತಾನೆ. ಕನ್ನಡದಲ್ಲಿ ಸ್ವರವು ಅಕ್ಷರದ ಮೈಯಲ್ಲಿಯೇ ಇರುತ್ತದೆ. ಉರ್ದುವಿನಲ್ಲಿ ‘ಅಲೀಪೂರ್’ ಎಂದು ವ್ಯಂಜನದಲ್ಲಿ ನಿಲ್ಲುವ ಹೆಸರು ಕನ್ನಡದಲ್ಲಿ ‘ಅಲೀಪುರ’ ಎಂದು ಸ್ವರಾಂತವಾಗುತ್ತದೆ. ‘ಪೂ’ ಹ್ರಸ್ವವಾಗಿ ‘ಪು’ ಆಗುತ್ತದೆ.

ಇಂಥ ಬಾಲಕನಿಗೆ ಕನ್ನಡವನ್ನು ಓದಲು ಕಲಿಸುವುದು ಹೇಗೆ? ವರ್ಣಮಾಲೆಯೂ ಕಾಗುಣಿತವೂ ಬಾಯಿಪಾಠವಾದ ಮಾತ್ರಕ್ಕೆ ಓದು ಬಂದಂತಾಗದು. ಇಂಗ್ಲಿಷಿನಲ್ಲಿ ‘ಹಾಪ್’ ಎಂಬ ಪದದ ಕೊನೆಗೆ ‘ಇ’ ಅಕ್ಷರವನ್ನು ಸೇರಿಸಿದರೆ, ಅದು ತಾನು ಮೌನವಾಗಿದ್ದುಕೊಂಡೇ ಪದವನ್ನು ‘ಹೋಪ್’ ಆಗಿಸುತ್ತದೆ. ಆದಕಾರಣ ಅಲ್ಲಿ ಪದದ ತುಣುಕುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಕಲಿಸುವುದುಂಟು. ಕನ್ನಡಕ್ಕೆ ಮೂಕ ಅಕ್ಷರಗಳ ಕಾಟವಿಲ್ಲ. ನಮ್ಮ ತೊಡಕು ಒತ್ತಕ್ಷರದಲ್ಲಿದೆ.

‘ಕತ್ತೆ’ ಎಂಬುದನ್ನು ‘ಕತೆ’ ಎಂದೂ ‘ಬಳ್ಳಿ’ಯನ್ನು ‘ಬಳಿ’ ಎಂದೂ ಓದಿದರೆ ತರಗತಿಯೇ ನಗುತ್ತದೆ. ನಗೆಗೀಡಾದ ಮಗು ಮರುದಿನ ಬಾಯಿ ತೆರೆಯುವುದಿಲ್ಲ. ಆದರೆ ಆ ತಪ್ಪು ಮಗುವಿನ ಮಂದಬುದ್ಧಿಯಿಂದ ಆದುದಲ್ಲ. ಕಣ್ಣಿಗೆ ಕಾಣುವ ವಿಭಾಗವು ‘ಕ–ತ್ತೆ’. ಕಿವಿಗೆ ಕೇಳುವುದು ‘ಕತ್–ತೆ’. ಮೇಲಿನ ವ್ಯಂಜನವು ಹಿಂದಿನ ಅಕ್ಷರಕ್ಕೆ ಆತುಕೊಳ್ಳುತ್ತದೆ, ಕೆಳಗಿನ ಒತ್ತು ಮುಂದಿನ ಸ್ವರವನ್ನು ಹೊರುತ್ತದೆ. ಈ ಒಂದು ಸಂಗತಿಯನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ಊಹೆಯಿಂದ ಓದತೊಡಗುತ್ತದೆ.

ಇದನ್ನು ನಮ್ಮ ಛಂದಶ್ಶಾಸ್ತ್ರಜ್ಞರು ಬಹು ಹಿಂದೆಯೇ ಅರಿತಿದ್ದರು. ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ ‘ಛಂದೋಂಬುಧಿ’ಯು ಕನ್ನಡ ಛಂದಸ್ಸಿನ ಪ್ರಾಚೀನ ಗ್ರಂಥ. ಹ್ರಸ್ವಾಕ್ಷರವು ಲಘು, ಒಂದು ಮಾತ್ರೆ. ದೀರ್ಘವು ಗುರು, ಎರಡು ಮಾತ್ರೆ. ಅನುಸ್ವಾರ, ವಿಸರ್ಗಗಳಿಂದ ಕೂಡಿದುದೂ ಒತ್ತಕ್ಷರದ ಹಿಂದಿರುವುದೂ ಸಾಮಾನ್ಯವಾಗಿ ಗುರುವೇ. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ನೀವು ಬಳಸುವ ಈ ತಕ್ಕಡಿಯು ಓದು ಕಲಿಯುವ ತಮ್ಮ ತಂಗಿಯರಿಗೂ ಒದಗುತ್ತದೆ. ಪರೀಕ್ಷೆಗೆಂದು ಕಲಿತು ಮರೆಯುವವರೇ ಹೆಚ್ಚು, ಅದು ಬೇರೆ ಮಾತು.

ಅಲೀಪುರದ ಸುತ್ತಣ ಊರುಗಳ ಹೆಸರುಗಳೇ ಸಾಕು, ಬೇರೆ ಪುಸ್ತಕ ಬೇಡ. ‘ಚಿಂತಾಮಣಿ’ಯಲ್ಲಿ ‘ಚಿಂ’ ಸೊನ್ನೆಯಿಂದ ಗುರು, ‘ತಾ’ ದೀರ್ಘದಿಂದ ಗುರು, ಉಳಿದೆರಡು ಲಘು. ‘ಗೌರಿಬಿದನೂರು’ ಎಂಬಲ್ಲಿ ‘ಗೌ’, ‘ನೂ’ ಮಾತ್ರ ಗುರು. ‘ಶಿಡ್ಲಘಟ್ಟ’ವನ್ನು ‘ಶಿಡ್–ಲ–ಘಟ್–ಟ’ ಎಂದೂ ‘ಚಿಕ್ಕಬಳ್ಳಾಪುರ’ವನ್ನು ‘ಚಿಕ್–ಕ–ಬಳ್–ಳಾ–ಪು–ರ’ ಎಂದೂ ಬಿಡಿಸಿ, ಗುರು ಬಂದಲ್ಲಿ ಚಪ್ಪಾಳೆ ತಟ್ಟಿಸಿದರೆ ಉದ್ದನೆಯ ಹೆಸರೂ ಮಗುವಿನ ಹಿಡಿತಕ್ಕೆ ಬರುತ್ತದೆ. ಹೀಗೆ ಬಿಡಿಸುವುದು ಕೆಲವು ದಿನಗಳ ಊರುಗೋಲು ಮಾತ್ರ. ಬಿಡಿಸಿದ ಪದವನ್ನು ಕೂಡಲೇ ಜೋಡಿಸಿ ಒಂದೇ ಉಸಿರಿನಲ್ಲಿ ಹೇಳಿಸದಿದ್ದರೆ ಅರ್ಥವು ಚೂರುಗಳ ನಡುವೆ ಕಳೆದುಹೋಗುತ್ತದೆ.

ಅರ್ಕಾವೊತ್ತೊಂದು ಈ ಕ್ರಮಕ್ಕೆ ಸುಲಭವಾಗಿ ಬಗ್ಗದು. ‘ಸೂರ್ಯ’ ಎಂಬಲ್ಲಿ ಯಕಾರವನ್ನು ಮೊದಲು ಬರೆದು ರೇಫದ ಗುರುತನ್ನು ಅದರ ಬಲಕ್ಕೆ ಇಡುತ್ತೇವೆ. ಓದುವಾಗ ರೇಫವೇ ಮುಂದು. ಬಲದಿಂದ ಎಡಕ್ಕೆ ಓದಿ ಬಲ್ಲ ಅಲೀಪುರದ ಬಾಲಕನಿಗೆ ಈ ಹಿನ್ನಡೆಯು ನಮಗಿಂತ ಕಡಮೆ ವಿಚಿತ್ರವಾಗಿ ಕಂಡೀತು.