ಮತ್ತೆ ಹುಟ್ಟುವ ಆಸೆ: ಕೀಟೋಪಾಖ್ಯಾನದ ಒಂದು ವಿಚಾರ

ಮಾಘ ಶುಕ್ಲ ಅಷ್ಟಮಿಯು ಭೀಷ್ಮಾಷ್ಟಮಿ. ಶರತಲ್ಪದ ಮೇಲೆ 58 ರಾತ್ರಿಗಳನ್ನು ಕಳೆದು, ಉತ್ತರಾಯಣ ಬಂದ ಬಳಿಕ ಪಿತಾಮಹರು ದೇಹತ್ಯಾಗ ಮಾಡಿದ ದಿನವೆಂದು ಆಸ್ತಿಕರು ಅಂದು ಅವರಿಗೆ ತರ್ಪಣ ಕೊಡುವರು. ಈ ನಿಮಿತ್ತವಾಗಿ ರಾಮಕುಂಜದ ಒಂದು ಮನೆಯ ಚಾವಡಿಯಲ್ಲಿ ಅನುಶಾಸನಪರ್ವದ ಕೆಲವು ಭಾಗಗಳನ್ನು ಓದಿ ಅರ್ಥ ಹೇಳುವ ಅವಕಾಶ ನಮಗೆ ಒದಗಿತ್ತು. ಅಡಿಕೆಯ ಕಾಲ, ಅಂಗಳದಲ್ಲಿ ಕಾಲಿಡಲು ತೆರಪಿಲ್ಲದಂತೆ ಅಡಿಕೆ ಒಣಗಲು ಹರಡಿತ್ತು. ಕೇಳುಗರು ಹೆಚ್ಚಿರಲಿಲ್ಲ. ಇದ್ದವರು ಮಾತ್ರ ಮನಸ್ಸಿಟ್ಟು ಕೇಳುವವರು.

ಮೊದಲ ದಿನ ನಾವು ಜನ್ಮಪರಂಪರೆಯ ಕ್ಲೇಶವನ್ನು ವಿಸ್ತಾರವಾಗಿಯೇ ವರ್ಣಿಸಿದೆವು. ಗರ್ಭವಾಸ, ರೋಗ, ಜರೆ, ಮರಣ ಇವುಗಳನ್ನು ಹೇಳಿ, ಮತ್ತೆ ಹುಟ್ಟುವುದು ಬೇಡವೆಂದು ಭಗವಂತನಲ್ಲಿ ಪ್ರಾರ್ಥಿಸಬೇಕೆಂದು ಮುಗಿಸಿದೆವು. ಮಂಗಳಾರತಿಯಾದ ಮೇಲೆ ಆ ಮನೆಯ ಹಿರಿಯ ತಾಯಿ, ಎಂಬತ್ತು ದಾಟಿದವರು, ಹತ್ತಿರ ಬಂದು ತುಳುವಿನಲ್ಲಿ ಕೇಳಿದರು: “ಆಚಾರ್ಯರೇ, ಇನ್ನು ಹುಟ್ಟು ಬೇಡವೆಂದು ಕೇಳಿಕೊಳ್ಳಬೇಕು ಎಂದಿರಿ. ದೇವರ ಎದುರು ಬಾಯಲ್ಲಿ ನಾನೂ ಹಾಗೆಯೇ ಹೇಳುತ್ತೇನೆ. ಮನಸ್ಸಿನಲ್ಲಿ ಹಾಗಿಲ್ಲ. ಇದೇ ಮನೆಗೆ, ಇದೇ ತೋಟಕ್ಕೆ ಇನ್ನೊಮ್ಮೆ ಬರಬೇಕೆಂದು ಇದೆ. ಅದು ತಪ್ಪೋ?”

ಅದು ಮೋಹವೆಂದೂ, ವಯಸ್ಸಾದಂತೆ ಅದನ್ನು ಬಿಡಬೇಕೆಂದೂ ನಾವು ಕೂಡಲೇ ಉತ್ತರ ಕೊಟ್ಟೆವು. ಆ ತಾಯಿ ಏನನ್ನೂ ಹೇಳದೆ ಒಳಗೆ ಹೋದರು. ಉತ್ತರವು ಶಾಸ್ತ್ರಕ್ಕೆ ವಿರುದ್ಧವಾದುದೇನೂ ಅಲ್ಲ. ಆದರೂ ಪ್ರಶ್ನೆಯನ್ನು ಕೇಳುವ ಮೊದಲೇ ಕೊಟ್ಟ ಉತ್ತರವದು ಎಂಬ ಸಂಕೋಚ ನಮ್ಮನ್ನು ಬಿಡಲಿಲ್ಲ. ಆ ರಾತ್ರಿ ಮರುದಿನದ ಭಾಗವನ್ನು ನೋಡಿಕೊಳ್ಳಲೆಂದು ಗ್ರಂಥ ತೆರೆದಾಗ ಎದುರಾದುದು ಕೀಟೋಪಾಖ್ಯಾನ. ಆಕೆಯ ಪ್ರಶ್ನೆಯನ್ನೇ ಅಲ್ಲಿ ಧರ್ಮರಾಜನು ಕೇಳಿದ್ದಾನೆ.

ಯುದ್ಧದಲ್ಲಿ ಮನಸ್ಸಿದ್ದು ಸತ್ತವರೂ ಉಂಟು, ಮನಸ್ಸಿಲ್ಲದೆ ಸತ್ತವರೂ ಉಂಟು. ಪ್ರಾಣವನ್ನು ಬಿಡುವುದು ಯಾರಿಗೂ ಸುಲಭವಲ್ಲ. ಸಮೃದ್ಧಿಯಲ್ಲಿರಲಿ, ದಾರಿದ್ರ್ಯದಲ್ಲಿರಲಿ, ಈ ಸಂಸಾರದಲ್ಲಿ ಹುಟ್ಟಿದ ಪ್ರಾಣಿಗಳು ತಮ್ಮ ತಮ್ಮ ಸ್ಥಿತಿಯಲ್ಲಿಯೇ ರಮಿಸುತ್ತವೆಯಲ್ಲ, ಇದಕ್ಕೆ ಕಾರಣವೇನು ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಕೇಳಿದ್ದು ಯಾರನ್ನು ಎಂಬುದನ್ನೂ ಗಮನಿಸಬೇಕು. ಇಚ್ಛಾಮರಣಿಯಾದ ಭೀಷ್ಮರನ್ನು. ಬೇಕೆಂದಾಗ ಪ್ರಾಣ ಬಿಡಬಲ್ಲವರು, ಮೈಯೆಲ್ಲ ಬಾಣ ನಾಟಿದ್ದರೂ ಇನ್ನೂ ಬಿಡದೆ ಇದ್ದವರು.

ಭೀಷ್ಮರು ಹೇಳಿದ ಕಥೆ ಹೀಗಿದೆ. ಗಾಡಿಯ ಹಾದಿಯಲ್ಲಿ ಒಂದು ಹುಳವು ಅವಸರದಿಂದ ಓಡುತ್ತಿತ್ತು. ಶ್ರೀವೇದವ್ಯಾಸದೇವರು ಅದನ್ನು ಕಂಡು, ಯಾವುದಕ್ಕೆ ಹೆದರಿ ಓಡುತ್ತಿರುವೆ ಎಂದು ಕೇಳಿದರು. ದೊಡ್ಡ ಗಾಡಿಯೊಂದು ಬರುತ್ತಿದೆ, ಅದರ ಸದ್ದು ಭಯಂಕರ, ಅದು ನನ್ನನ್ನು ಕೊಲ್ಲದಿರಲಿ ಎಂದು ಓಡುತ್ತಿದ್ದೇನೆ ಎಂದಿತು ಹುಳ. ನೀನು ಇಂತಹ ಯೋನಿಯಲ್ಲಿ ಬಿದ್ದಿರುವೆ. ನಿನಗೆ ಎಲ್ಲಿಯ ಸುಖ? ರೂಪರಸಗಂಧಗಳ ದೊಡ್ಡ ಭೋಗಗಳನ್ನು ನೀನು ಅರಿಯೆ. ನಿನಗೆ ಮರಣವೇ ಮೇಲು ಎಂದು ನನಗೆ ತೋರುತ್ತದೆ ಎಂದರು ವ್ಯಾಸರು. ಅದಕ್ಕೆ ಹುಳವು ಕೊಟ್ಟ ಉತ್ತರದ ಸಾರ ಇಷ್ಟು: ಜೀವನು ಎಲ್ಲೆಡೆಯೂ ರಮಿಸುತ್ತಾನೆ, ಇಲ್ಲಿಯೂ ನನಗೆ ಸುಖವಿದೆ, ದೇಹಕ್ಕೆ ತಕ್ಕಂತೆ ವಿಷಯಗಳು ಏರ್ಪಟ್ಟಿವೆ, ಮನುಷ್ಯರಿಗೆ ಬೇರೆ, ಸ್ಥಾವರಗಳಿಗೆ ಬೇರೆ, ಆದುದರಿಂದ ನಾನು ಬದುಕಲು ಬಯಸುತ್ತೇನೆ.

ಹುಳವು ತನ್ನ ಹಿಂದಿನ ಜನ್ಮವನ್ನೂ ಹೇಳಿಕೊಂಡಿತು. ಆಗ ಅದು ಧನಿಕನಾಗಿತ್ತು. ಕ್ರೂರಿ, ಜಿಪುಣ, ಬಡ್ಡಿಯಿಂದ ಬದುಕುವವನು. ಅತಿಥಿಗೆ ಇಕ್ಕದೆ ತಾನೇ ಉಂಡವನು. ಮುದಿ ತಾಯಿಯ ಸೇವೆಯನ್ನು ಮಾಡಿದ್ದು, ಒಮ್ಮೆ ಮನೆಗೆ ಬಂದ ಒಬ್ಬ ಬ್ರಾಹ್ಮಣ ಅತಿಥಿಯನ್ನು ಸತ್ಕರಿಸಿದ್ದು, ಇವೆರಡೇ ಅವನ ಪುಣ್ಯ. ಅದರಿಂದಲೇ ಈ ಜನ್ಮದಲ್ಲಿಯೂ ಹಿಂದಿನ ನೆನಪು ಅಳಿಯಲಿಲ್ಲ ಎಂದು ಹುಳದ ಮಾತು. ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಧನಿಕನಾಗಿದ್ದಾಗ ತಾನು ಸುಖವಾಗಿದ್ದೆ ಎಂದು ಅದು ಹೇಳುವುದಿಲ್ಲ. ಅಲ್ಲಿ ಉಳಿದಿರುವುದು ಪಶ್ಚಾತ್ತಾಪ. ಈ ಹುಳದ ಬದುಕಿನ ವಿಷಯದಲ್ಲಿ ಮಾತ್ರ, ಇಲ್ಲಿ ನನಗೆ ಸುಖವಿದೆ ಎಂದು ನಿಸ್ಸಂಕೋಚವಾಗಿ ಹೇಳುತ್ತದೆ.

ಹುಳದ ಆ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವ ಹಾಗಿದೆಯೆ? ನಮ್ಮ ಸಿದ್ಧಾಂತವನ್ನು ಓದಿದವರಿಗೆ ಹಾಗೆ ಹೇಳಲು ಬರುವುದಿಲ್ಲ. ಸುಖದುಃಖಗಳನ್ನು ಗ್ರಹಿಸುವುದು ಸಾಕ್ಷಿ. ಕಣ್ಣು ಹಗ್ಗವನ್ನು ಹಾವೆಂದು ತೋರಿಸೀತು, ಮನಸ್ಸು ಸಂಶಯಪಟ್ಟೀತು, ಸಾಕ್ಷಿಯ ಅನುಭವಕ್ಕೆ ಮಾತ್ರ ಬಾಧೆಯಿಲ್ಲವೆಂಬುದು ಶ್ರೀಮದಾಚಾರ್ಯರ ನಿರ್ಣಯ. ನನಗೆ ತಲೆನೋವಿದೆ ಎನ್ನುವವನಿಗೆ, ನಿನಗೆ ನೋವಿಲ್ಲ, ಭ್ರಮೆ ಎಂದು ಪಕ್ಕದ ಮನೆಯವನು ಹೇಳಿದರೆ ನಗೆಪಾಟಲಾಗುತ್ತಾನೆ. ಹಾಗೆಯೇ ನನಗೆ ಸುಖವಿದೆ ಎನ್ನುವವನ ಸುಖವನ್ನೂ ಪರರು ಅಲ್ಲಗಳೆಯುವಂತಿಲ್ಲ. ಜಗತ್ತು ಸತ್ಯವೆಂದು ಒಪ್ಪಿದ ಮೇಲೆ ಅದರಲ್ಲಿ ದೊರೆತ ಸಂತೋಷವೂ, ಅಲ್ಪವಾದರೂ, ದುಃಖದೊಡನೆ ಬೆರೆತಿದ್ದರೂ, ಸತ್ಯವೇ. ತೈತ್ತಿರೀಯೋಪನಿಷತ್ತಿನ ಆನಂದಮೀಮಾಂಸೆಯು ಮೊದಲ ಅಳತೆಗೋಲಾಗಿ ಹಿಡಿದಿರುವುದು ಮನುಷ್ಯನ ಆನಂದವನ್ನೇ: ಯುವಕ, ಸಜ್ಜನ, ಓದಿದವನು, ದೃಢಕಾಯನು, ಸಂಪತ್ತು ತುಂಬಿದ ಭೂಮಿಯ ಒಡೆಯ, ಇವನ ಸಂತೋಷವು ಒಂದು. ಅದರ ನೂರುಪಟ್ಟು, ಮತ್ತೆ ಅದರ ನೂರುಪಟ್ಟು ಎಂದು ಏರುತ್ತ ಚತುರ್ಮುಖನವರೆಗೆ ಹೋಗುತ್ತದೆ. ಕೆಳಗಿನ ಮೆಟ್ಟಿಲನ್ನು ಸುಳ್ಳೆಂದರೆ ಮೇಲಿನದನ್ನು ಎಣಿಸುವುದೆಂತು?

ಹೀಗಿರಲು, ಜೀವನದಲ್ಲಿ ಸುಖವಿದೆಯೆ ಎಂಬ ಪ್ರಶ್ನೆ ಬೇರೆ, ಇದೇ ಜೀವನವನ್ನು ಮತ್ತೊಮ್ಮೆ ಬದುಕುವೆಯಾ ಎಂಬ ಪ್ರಶ್ನೆ ಬೇರೆ. ಎರಡನ್ನೂ ಒಂದೆಂದು ತಿಳಿದದ್ದೇ ನಮ್ಮ ಮೊದಲ ದಿನದ ಉಪನ್ಯಾಸದ ದೋಷ. ಪಶ್ಚಿಮದ ತತ್ತ್ವಜ್ಞರೂ ಇದನ್ನು ವಿಚಾರಿಸದೆ ಬಿಟ್ಟಿಲ್ಲ. 1779ರಲ್ಲಿ ಪ್ರಕಟವಾದ ಡೇವಿಡ್ ಹ್ಯೂಮನ ಸಂವಾದಗ್ರಂಥದಲ್ಲಿ ಒಂದು ಪಾತ್ರವು, ಕಳೆದ ಹತ್ತಿಪ್ಪತ್ತು ವರ್ಷಗಳನ್ನು ಮತ್ತೆ ಬದುಕುವೆಯಾ ಎಂದು ಯಾರನ್ನು ಕೇಳಿದರೂ ಒಲ್ಲೆನೆನ್ನುತ್ತಾರೆ, ಮುಂದಿನ ಇಪ್ಪತ್ತು ವರ್ಷ ಚೆನ್ನಾಗಿರುವುದೆಂದು ಮಾತ್ರ ನಂಬುತ್ತಾರೆ ಎಂಬ ಅರ್ಥದಲ್ಲಿ ವಾದಿಸುತ್ತದೆ. ಅದೇ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯ ಆರಂಭದಲ್ಲಿಯೇ, ಮೊದಲಿನಿಂದ ಇದೇ ಜೀವನವನ್ನು ಮತ್ತೆ ನಡೆಸಲು ತನ್ನ ಅಡ್ಡಿಯಿಲ್ಲ, ಗ್ರಂಥಕರ್ತರು ಎರಡನೆಯ ಮುದ್ರಣದಲ್ಲಿ ತಪ್ಪು ತಿದ್ದಿಕೊಳ್ಳುವಂತೆ ತನಗೂ ಅವಕಾಶ ಸಿಗಲಿ ಎಂದು ಬರೆದುಕೊಂಡಿದ್ದಾನೆ. ವೃತ್ತಿಯಿಂದ ಮುದ್ರಕನಾದವನಿಗೆ ತಕ್ಕ ಮಾತು.

ಎರಡನೆಯ ದಿನ ಹುಳದ ಕಥೆಯನ್ನು ಹೇಳಿ, ಬಳಿಕ ನಾವೇ ಆ ತಾಯಿಯ ಬಳಿಗೆ ಹೋಗಿ ಕುಳಿತು ಕೇಳಿದೆವು: “ಅಮ್ಮಾ, ಮತ್ತೆ ಬರಬೇಕೆಂದಿರಲ್ಲ, ನಡೆದದ್ದೆಲ್ಲ ನಡೆದಂತೆಯೇ ಬಂದರೂ ಸರಿಯೋ?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅದು 1974ರ ಮಹಾನೆರೆಯ ಆಟಿ ತಿಂಗಳು. ಎರಡನೆಯ ಮಗುವಿಗೆ ಜ್ವರ ಏರಿತ್ತು. ಕುಮಾರಧಾರೆ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ಕಡವಿನ ದೋಣಿಯನ್ನು ಮೇಲಕ್ಕೆಳೆದು ಮರಕ್ಕೆ ಕಟ್ಟಿದ್ದರು. ಮಗುವನ್ನು ಕಂಬಳಿಯಲ್ಲಿ ಸುತ್ತಿ ನೀರಿನ ಅಂಚಿನವರೆಗೆ ಎತ್ತಿಕೊಂಡು ಹೋಗಿ ತಿರುಗಿ ಬಂದರಂತೆ. ಮರುದಿನ ಮತ್ತೆ ಹೋಗುವ ಅಗತ್ಯವಿರಲಿಲ್ಲ. “ಆ ಒಂದು ದಿನ ಬೇಡ, ಆಚಾರ್ಯರೇ. ಉಳಿದದ್ದೆಲ್ಲ ಬರಲಿ. ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷವೂ ಬರಲಿ, ಅತ್ತೆಯವರ ಬಾಯಿಯೂ ಬರಲಿ. ಆ ದಿನ ಹೊಳೆ ಸ್ವಲ್ಪ ಇಳಿದಿದ್ದರೆ ಸಾಕು.” ಹೀಗೆಂದು ಅವರು ಅಂಗಳದ ಅಡಿಕೆಯ ಮೇಲೆ ಹತ್ತಿದ ಕೋಳಿಯನ್ನು ಅಟ್ಟಲು ಎದ್ದರು.

ಮೋಹವೆಂದು ನಾವು ಹೆಸರಿಟ್ಟಿದ್ದು ಇದಕ್ಕೆ. ತೋಟದ ಮೇಲಿನ ಆಸೆಯಾಗಿ ಕಂಡದ್ದರ ಒಳಗೆ ಇದ್ದುದು ಬೇರೆಯೇ.

ಮತ್ತೆ ಹುಟ್ಟಬೇಕೆಂದವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು. ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪ ಮಹಾಕವಿಯು ಅರ್ಜುನನ ಬಾಯಿಂದ ಬನವಾಸಿಯನ್ನು ಹೊಗಳಿಸುವಾಗ, ತ್ಯಾಗ, ಭೋಗ, ವಿದ್ಯೆ, ಗೀತ, ಗೋಷ್ಠಿಗಳಲ್ಲಿ ಸವಿ ಕಂಡ ಮನುಷ್ಯರಾಗಿ ಅಲ್ಲಿ ಹುಟ್ಟಬೇಕು, ಹಾಗಾಗದಿದ್ದರೆ ಆ ನಾಡಿನ ನಂದನವನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಎಂದಿದ್ದಾನೆ. ಕವಿಯು ಜೈನಮತಾನುಯಾಯಿ, ಜನ್ಮವು ಬಂಧವೆಂಬುದು ಅವನ ಮತಕ್ಕೂ ಸಮ್ಮತ. ಆದರೂ ಬಯಕೆ ಮೇಲೆ ಬಂದಿತು. ಕೀಟವಾದರೂ ಸರಿ ಎಂಬ ಮಾತಿನಲ್ಲಿ ಅವನ ದುಂಬಿಗೂ ವ್ಯಾಸರೆದುರಿನ ಹುಳಕ್ಕೂ ನೆಂಟಸ್ತಿಕೆಯುಂಟು.

ಭಾಗವತದ ಒಂಬತ್ತನೆಯ ಸ್ಕಂಧದ ರಂತಿದೇವನ ಬಯಕೆ ಇನ್ನೊಂದು ಬಗೆಯದು. 48 ದಿನ ನೀರೂ ಇಲ್ಲದೆ ಇದ್ದು, ಕೊನೆಗೆ ದೊರೆತ ಅನ್ನವನ್ನು ಬಂದವರಿಗೆಲ್ಲ ಹಂಚಿ, ಉಳಿದ ನೀರನ್ನೂ ಬಾಯಾರಿ ಬಂದ ಪುಲ್ಕಸನಿಗೆ ಕೊಡುವಾಗ, ತನಗೆ ಅಷ್ಟಸಿದ್ಧಿಗಳೂ ಬೇಡ, ಪುನರ್ಜನ್ಮವಿಲ್ಲದ ಪದವಿಯೂ ಬೇಡ, ಎಲ್ಲ ಜೀವಿಗಳ ಒಳಗೆ ನಿಂತು ಅವರ ದುಃಖವನ್ನು ತಾನು ಪಡೆಯಬೇಕು ಎಂದು ಅವನು ಕೇಳಿಕೊಂಡ. ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನೂ, ಈ ದೀನರನ್ನು ಬಿಟ್ಟು ತಾನೊಬ್ಬನೇ ಮುಕ್ತನಾಗಲು ಒಲ್ಲೆನೆನ್ನುತ್ತಾನೆ. ಇವರನ್ನು ಮೋಹಿಗಳೆನ್ನುವ ಧೈರ್ಯ ಯಾವ ಉಪನ್ಯಾಸಕನಿಗೂ ಬಾರದು.

ಇದೇ ರಾಮಕುಂಜದಲ್ಲಿ 1931ರಲ್ಲಿ ಹುಟ್ಟಿ, ಇಲ್ಲಿಯ ಸಂಸ್ಕೃತ ಶಾಲೆಯಲ್ಲಿ ಅಕ್ಷರ ಕಲಿತು, ಎಂಟನೆಯ ವಯಸ್ಸಿನಲ್ಲಿ, 1938ರಲ್ಲಿ, ಹಂಪಿಯಲ್ಲಿ ಸಂನ್ಯಾಸ ಸ್ವೀಕರಿಸಿದ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರನ್ನು ಈ ಪ್ರಸಂಗದಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಲೌಕಿಕರು ಯಾವುದನ್ನು ಸುಖವೆನ್ನುತ್ತಾರೋ ಅದರ ಹೆಸರು ತಿಳಿಯುವ ಮೊದಲೇ ಅದನ್ನು ಬಿಟ್ಟವರು. ಆ ಬಾಳನ್ನು ಅವರು ಸವಿದರೇ ಎಂಬುದನ್ನು ನಾವು ಹೇಳತಕ್ಕುದಲ್ಲ. ಅದು ಅವರ ಸಾಕ್ಷಿಗೆ ಸೇರಿದ್ದು. ಆ ಬಾಳು ಎಲ್ಲಿ ವ್ಯಯವಾಯಿತೆಂಬುದನ್ನು ಮಾತ್ರ ಲೋಕ ಕಂಡಿದೆ. 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿ ಅಲ್ಲಿ ದಶಕಗಳ ಕಾಲ ಪಾಠ ಹೇಳಿದರು. 1977ರ ಚಂಡಮಾರುತದಿಂದ ನಾಶವಾದ ಆಂಧ್ರದ ಹಂಸಲದೀವಿಯಲ್ಲಿ ಮನೆಗಳನ್ನು ಕಟ್ಟಿಸಿಕೊಟ್ಟರು. ಐದು ಬಾರಿ ಉಡುಪಿಯ ಶ್ರೀಕೃಷ್ಣನ ಪರ್ಯಾಯಪೂಜೆಯನ್ನು ನಡೆಸಿದರು. 2019ರ ಡಿಸೆಂಬರ್ 29ರಂದು, ಆಸ್ಪತ್ರೆಯಿಂದ ಉಡುಪಿಯ ತಮ್ಮ ಮಠಕ್ಕೆ ಮರಳಿದ ಬಳಿಕ, ಅಲ್ಲಿಯೇ ದೇಹತ್ಯಾಗ ಮಾಡಿದರು. ಸಂಸಾರವನ್ನು ತೊರೆದವರು ಸಂಸಾರಿಗಳನ್ನು ತೊರೆಯಬೇಕೆಂದಿಲ್ಲ ಎಂಬುದಕ್ಕೆ ಈ ಊರಿನವರು ಪುರಾಣಗಳವರೆಗೆ ಹೋಗಬೇಕಾಗಿಲ್ಲ.

ಇನ್ನು ಹುಳಕ್ಕೆ ಏನಾಯಿತು? ಮಹಾಭಾರತದ ಪಾಠದಂತೆ ಅದು ವ್ಯಾಸರ ಮಾತಿಗೆ ಒಪ್ಪಿ ಹಾದಿಯಲ್ಲಿಯೇ ನಿಂತಿತು. ಗಾಡಿ ಬಂದಿತು, ಚಕ್ರಕ್ಕೆ ಸಿಕ್ಕಿ ಅದು ಪ್ರಾಣ ಬಿಟ್ಟಿತು. ಬಳಿಕ ಮೃಗಪಕ್ಷಿಗಳ ಜನ್ಮಗಳನ್ನು ದಾಟಿ ಮನುಷ್ಯನಾಗಿ, ರಾಜಪುತ್ರನಾಗಿ, ಕೊನೆಗೆ ಬ್ರಾಹ್ಮಣನಾಗಿ ಹುಟ್ಟಿ ಪರಮಪದವನ್ನು ಪಡೆಯಿತು. ಶ್ರೀಮದಾಚಾರ್ಯರು ತಾತ್ಪರ್ಯನಿರ್ಣಯದ ಹತ್ತನೆಯ ಅಧ್ಯಾಯದಲ್ಲಿ ತಿಳಿಸುವ ಪ್ರಸಂಗದ ರೀತಿಯೇ ಬೇರೆ. ಅಲ್ಲಿ, ಈ ದೇಹವನ್ನು ಬಿಡು, ನಿನ್ನನ್ನು ರಾಜನನ್ನಾಗಿ ಮಾಡುವೆನೆಂದು ವ್ಯಾಸದೇವರು ಹೇಳಿದರೂ ಹುಳವು ಬಿಡಲೊಪ್ಪುವುದಿಲ್ಲ. ಒಪ್ಪದಿದ್ದಾಗ ಭಗವಂತನು ಅದನ್ನು ಗದರಿಸಲಿಲ್ಲ, ವೈರಾಗ್ಯವನ್ನು ಬೋಧಿಸಲಿಲ್ಲ. ಹುಳದ ದೇಹದಲ್ಲಿಯೇ ಅದನ್ನು ರಾಜನನ್ನಾಗಿ ಮಾಡಿದನು. ಸರ್ವಶಕ್ತತ್ವವನ್ನು ತೋರಿಸುವುದಕ್ಕಾಗಿ ಹೇಳಿದ ಕಥೆಯಿದೆಂದು ನಾವು ಹಲವು ಬಾರಿ ಪಾಠ ಹೇಳಿದ್ದೇವೆ. ಆ ಹುಳದ ಇಚ್ಛೆಗೆ ಅಲ್ಲಿ ಎಷ್ಟು ಗೌರವ ದೊರೆತಿದೆಯೆಂಬುದು ಈ ಸಲವಷ್ಟೇ ಕಣ್ಣಿಗೆ ಬಿತ್ತು.

ಸಾತ್ತ್ವಿಕ ಜೀವನ ಸ್ವರೂಪವೇ ಜ್ಞಾನಾನಂದಾತ್ಮಕವಾದುದು. ನಿದ್ರೆಯಿಂದ ಎದ್ದವನು ಸುಖವಾಗಿ ಮಲಗಿದ್ದೆ ಎನ್ನುವಾಗ ನೆನೆಯುವುದು ಆ ಸ್ವರೂಪದ ಒಂದು ಲೇಶವನ್ನು. ಮೋಕ್ಷವು ಆ ಆನಂದದ ಮೇಲಿನ ಆವರಣವು ಕಳೆಯುವುದೇ ಹೊರತು ಅನುಭವಿಸುವವನು ಇಲ್ಲದಂತಾಗುವುದಲ್ಲ. ಅಲ್ಲಿಯೂ ಭೋಗವಿದೆ, ಸಾಲೋಕ್ಯಾದಿ ಭೇದಗಳಿವೆ, ತಾರತಮ್ಯವಿದೆ, ನಾನು ಎಂಬ ಅರಿವಿದೆ. ಆದುದರಿಂದ ಆ ತಾಯಿಗೆ, ನಿಮ್ಮ ಆಸೆಯನ್ನು ಬಿಡಿ ಎನ್ನುವ ಬದಲು, ನೀವು ಕೇಳುತ್ತಿರುವುದು ನೆರೆಯಿಲ್ಲದ ಬಾಳನ್ನು, ಅದನ್ನು ತೋಟದ ಮನೆ ಕೊಡಲಾರದು, ಕೊಡುವವನನ್ನೇ ಕೇಳಿ ಎಂದು ಹೇಳಬೇಕಾಗಿತ್ತು. ಮೂರನೆಯ ದಿನ ಹಾಗೆಯೇ ಹೇಳಿದೆವು.

ಆಕೆ ಕೇಳಿದರು, ತಲೆಯಾಡಿಸಿದರು. ಆಮೇಲೆ, “ಆ ಗಾಡಿಯವನು ಹುಳವನ್ನು ನೋಡಲಿಲ್ಲವೋ?” ಎಂದರು. ಗಾಡಿಯವನು ಹುಳವನ್ನು ಕಂಡನೇ ಎಂಬ ವಿಚಾರ ಗ್ರಂಥದಲ್ಲಿ ಬರುವುದಿಲ್ಲ. ಭಾರ ಎಳೆಯುತ್ತ, ಹೊಡೆತಕ್ಕೆ ಸಿಕ್ಕಿ ಏದುಸಿರು ಬಿಡುವ ಎತ್ತುಗಳ ಸದ್ದು ತನಗೆ ಕೇಳುತ್ತಿದೆ ಎಂದು ಹುಳವು ವ್ಯಾಸರಿಗೆ ಹೇಳುವ ಮಾತೊಂದು ಇದೆ. ಅದನ್ನು ಓದಿ ತೋರಿಸಿದೆವು.

“ಪಾಪ, ಅವಕ್ಕೂ ಕಷ್ಟವೇ,” ಎಂದರು ಆ ತಾಯಿ.