ಮಗಳಿಗೆಂದು ತೆಗೆದಿಟ್ಟ ಚಿನ್ನ: ಝಕಾತ್ ಯಾರ ಲೆಕ್ಕಕ್ಕೆ?

ಝಕಾತ್ ಲೆಕ್ಕಕ್ಕೆ ಕುಳಿತಾಗ ಬ್ಯಾಂಕಿನ ಹಣ, ಅಂಗಡಿಯ ಸರಕು ಎಲ್ಲವೂ ಪಟ್ಟಿಗೆ ಬರುತ್ತವೆ. ಮಗಳ ಮದುವೆಗೆಂದು ಬೀರುವಿನಲ್ಲಿಟ್ಟ ಚಿನ್ನ ಮಾತ್ರ ಎಷ್ಟೋ ಮನೆಗಳಲ್ಲಿ ಹೊರಗುಳಿಯುತ್ತದೆ. ಇದಕ್ಕೆ ಜಿಪುಣತನ ಕಾರಣವಲ್ಲ. ತಂದೆತಾಯಿ ಮನಸ್ಸಿನಲ್ಲಿ ಆ ಚಿನ್ನವನ್ನು ಆಗಲೇ ಮಗಳಿಗೆ ಕೊಟ್ಟುಬಿಟ್ಟಿರುತ್ತಾರೆ. ಅದರಲ್ಲಿ ಗುಲಗಂಜಿಯಷ್ಟು ಕಡಿಮೆಯಾದರೂ ಅವಳ ಪಾಲು ಕರಗೀತೆಂಬ ಅಳುಕು ಬೇರೆ. ಆ ಕಾಳಜಿ ಸಹಜವೇ. ಆದರೆ ಝಕಾತ್ ಕೇಳುವುದು ಚಿನ್ನ ಯಾರಿಗಾಗಿ ಎಂದಲ್ಲ, ಇವತ್ತು ಯಾರದ್ದು ಎಂದು.

ಕೊಡಬೇಕೆಂದುಕೊಂಡರೆ ಕೊಟ್ಟಂತಾಗಲಿಲ್ಲ. ಕಷ್ಟ ಬಂದರೆ ಅಡವಿಡುವ, ಮಾರುವ ಹಕ್ಕು ನಿಮ್ಮ ಕೈಯಲ್ಲೇ ಇದ್ದರೆ ಆ ಚಿನ್ನ ನಿಮ್ಮದು, ಝಕಾತ್ ಲೆಕ್ಕವೂ ನಿಮ್ಮದೇ. ನಿಜವಾಗಿ ಅವಳಿಗೆ ಕೊಟ್ಟಿದ್ದರೆ ಅದು ಅವಳ ಸ್ವತ್ತು. ನಿಮ್ಮ ಖರ್ಚಿಗೆ ಮುಟ್ಟುವಂತಿಲ್ಲ. ಅವಳಿನ್ನೂ ಪ್ರಾಯಕ್ಕೆ ಬಂದಿರದಿದ್ದರೆ ಹನಫಿ ಮತದಂತೆ ಅದಕ್ಕೆ ಝಕಾತ್ ಇಲ್ಲ. ಭಟ್ಕಳದ ನವಾಯತರು, ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿಈ ಮತದಲ್ಲಿ ಮಗುವಿನ ಸ್ವತ್ತಿಗೂ ಝಕಾತ್ ಉಂಟು, ಪೋಷಕರು ಅದರಿಂದಲೇ ಕೊಡಬೇಕು. ಆದರೆ ಅದೇ ಮತದಲ್ಲಿ ಮಿತವಾಗಿ ತೊಡುವ ಒಡವೆಗೆ ವಿನಾಯಿತಿಯಿದೆ. ಕೂಡಿಟ್ಟ ನಾಣ್ಯ, ಬಿಸ್ಕೆಟ್‌ಗಳಿಗಿಲ್ಲ. ಹನಫಿಗಳಿಗೆ ತೊಟ್ಟದ್ದೂ ಲೆಕ್ಕ, ಇಟ್ಟದ್ದೂ ಲೆಕ್ಕ.

ಮನೆಗೆಲ್ಲ ಸೇರಿ ಒಂದೇ ಲೆಕ್ಕ ಹಾಕುವುದು ಇನ್ನೊಂದು ತಪ್ಪು. ಗಂಡ, ಹೆಂಡತಿ, ಪ್ರಾಯಕ್ಕೆ ಬಂದ ಮಕ್ಕಳು, ಎಲ್ಲರದ್ದೂ ಬೇರೆಬೇರೆ. ಝಕಾತ್ ಕಡ್ಡಾಯವಾಗುವ ಕನಿಷ್ಠ ಸಂಪತ್ತೇ ನಿಸಾಬ್: ಭಾರತದ ಹನಫಿ ಉಲಮಾಗಳ ಲೆಕ್ಕದಲ್ಲಿ 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿ. ಕಾಲೇಜಿಗೆ ಹೋಗುವ ಮಗಳ ಬಳಿ 60 ಗ್ರಾಂ ಚಿನ್ನವೊಂದೇ ಇದ್ದರೆ ನಿಸಾಬ್ ಮುಟ್ಟುವುದಿಲ್ಲ. ಜೊತೆಗೆ ಖಾತೆಯಲ್ಲಿ ಉಳಿತಾಯದ ಹಣವಿದ್ದರೆ ಹನಫಿಗಳು ಎರಡನ್ನೂ ಕೂಡಿಸಿ ಬೆಳ್ಳಿಯ ಬೆಲೆಗೆ ಹೋಲಿಸುತ್ತಾರೆ, ಆಗ ದಾಟುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.

ಕೊಡಬೇಕಾದ್ದು ಶೇಕಡಾ 2.5, ಅಂದರೆ ನಲವತ್ತರಲ್ಲಿ ಒಂದು ಭಾಗ. 4,00,000 ರೂಪಾಯಿಗೆ 10,000. ಕೊಂಡ ದರ ಬಿಡಿ, ಇಂದಿನ ದರ ಹಿಡಿಯಿರಿ. ಮಜೂರಿ, ಹರಳಿನ ತೂಕ ಸೇರಿಸಬೇಡಿ. ವಾಸದ ಮನೆ, ಓಡಾಟದ ಗಾಡಿಗೆ ಝಕಾತ್ ಇಲ್ಲ. ಝಕಾತ್ ವರ್ಷಕ್ಕೊಮ್ಮೆ, ವರ್ಷವೆಂದರೆ ಹಿಜ್ರಿ ವರ್ಷ. ಅದು ನಿಸಾಬ್ ಕೈಸೇರಿದ ದಿನದಿಂದ ಶುರು, ರಮಝಾನೇ ಆಗಬೇಕೆಂದಿಲ್ಲ.

ಚಿನ್ನವಿದೆ, ಕೈಯಲ್ಲಿ ಕಾಸಿಲ್ಲ ಎನ್ನುವವರ ಸಂಕಟ ಸಣ್ಣದಲ್ಲ. ನಿಸಾಬ್ ಇದ್ದವರು ಝಕಾತನ್ನು ಮುಂಚಿತವಾಗಿ, ತಿಂಗಳಿಗಿಷ್ಟೆಂದು ಕೊಡುತ್ತಾ ಬರಬಹುದು. ಮಗಳ ಒಪ್ಪಿಗೆ ಪಡೆದು ಅವಳ ಪರವಾಗಿ ತಂದೆಯೂ ಕೊಡಬಹುದು. ಆದರೆ ಲೆಕ್ಕ ಅವಳೇ ಹಾಕಲಿ, ನೀವು ಪಕ್ಕದಲ್ಲಿರಿ.

ಈ ಸಲ ಪ್ರತಿ ಒಡವೆಯ ಮುಂದೆ ಅದರ ತೂಕ, ಒಡೆಯರ ಹೆಸರು ಬರೆಯಿರಿ. ಸಂದೇಹವಿದ್ದರೆ ಆ ಚೀಟಿ ಹಿಡಿದೇ ನಿಮ್ಮ ಮೌಲವಿಗಳ ಬಳಿ ಹೋಗಿ, ಮಗಳನ್ನೂ ಕರೆದುಕೊಂಡು.