ಹಿತ್ತಿಲಿಗೂ ಒಂದು ಕೊಡೆ

ಕುಪ್ಪಳ್ಳಿಗೆ ಹೋದವರು ಕವಿಮನೆ, ಕವಿಶೈಲ ನೋಡಿ ಬರ್ತೀವಿ. ಮಳೆಗಾಲದಲ್ಲಿ ಹೋದರೆ ಚರಂಡಿ ನೀರಿನ ಬಣ್ಣವನ್ನೂ ನೋಡಿ. ಆ ಕೆಂಪು, ಬೋಳು ನೆಲದಿಂದ ಕೊಚ್ಚಿಹೋಗುವ ಮೇಲ್ಮಣ್ಣು.

ಲೆಕ್ಕ ಹಾಕೋಣ. 5 ಮಿ.ಮೀ. ಗಾತ್ರದ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತೆ. ಅದೇ ಹನಿ 30 ಸೆಂ.ಮೀ. ಎತ್ತರದ ಎಲೆಯ ಮೇಲೆ ನಿಂತು, ಆಮೇಲೆ ಜಾರಿ ಬಿದ್ದರೆ ವೇಗ ಬರೀ 2.4 ಮೀಟರ್. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಅಲ್ವಾ? ಹೊಡೆತ ಸುಮಾರು ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು. ಹೊದಿಕೆ ಬೆಳೆಯ ಮೊದಲ ಕೆಲಸ ಇದೇ.

ಎರಡನೆಯದು ಸಾರಜನಕ. ದ್ವಿದಳ ಗಿಡದ ಬೇರುಗಂಟಿನಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತೆ. ಗಂಟು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೀತಿದೆ ಅಂತ ಅರ್ಥ.

ಯಾವುದು ಬಿತ್ತಬೇಕು? ನೀರು ನಿಲ್ಲುವ ಕಡೆ ಡಯಾಂಚ, ನೀರು ಬಸಿಯುವ ಏರುಮಡಿಯಲ್ಲಿ ಅಲಸಂದೆ. ಹುರುಳಿಗೆ ನಿಂತ ನೀರು ಆಗದು, ಮಳೆ ಇಳಿದ ಮೇಲೆ ಹಾಕಿ. ಮೇ ಕೊನೆಯ ಮಳೆಗೇ ಬಿತ್ತಿದರೆ ಆರಿದ್ರೆ ಹೊತ್ತಿಗೆ ನೆಲ ಮುಚ್ಚತೊಡಗುತ್ತೆ.

ಹೂ ಬರುವಾಗ ಕೊಯ್ಯಿರಿ; ಬಲಿತರೆ ಕಾಂಡ ನಾರಾಗಿ ಕೊಳೆಯೋದು ತಡ. ಮಳೆ ಜೋರಿದ್ದರೆ ನೆಲ ಅಗೆಯದೆ ಮೇಲೆಯೇ ಹರಡಿ. ಎರಡು ಮೂರು ವಾರ ಬಿಟ್ಟು ಬದನೆ, ಬೆಂಡೆ ನೆಡಬಹುದು.

ಮಣ್ಣಿಗೆ ಹೊದಿಸೋದು ಮಲೆನಾಡಿಗೆ ಹೊಸದಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದಿಂದ ಸೊಪ್ಪು ತರುವುದು ಹಳೇ ಪದ್ಧತಿ. ಆದರೆ ಅಲ್ಲಿ ತೋಟಕ್ಕೆ ಕೂಡಿದ್ದು ಬೆಟ್ಟದಿಂದ ಕಳೆದದ್ದೇ. ಹೊದಿಕೆ ಬೆಳೆ ಹಿತ್ತಿಲಲ್ಲೇ ಹುಟ್ಟಿ, ಹಿತ್ತಿಲಿಗೇ ಸೇರುತ್ತೆ. ಒಂದು ಹಿಡಿ ಬೀಜಕ್ಕೆ ಇಷ್ಟು ಸಾಕಲ್ವಾ?